ಬಸ್ಸಲ್ಲಿ ಎದೆ ಡವಡವ, ಇಸಿಜಿ ನಾರ್ಮಲ್

ಬಸ್ಸಲ್ಲಿ ಎದೆ ಡವಡವ ಅನ್ನುತ್ತೆ, ಇಸಿಜಿ ನಾರ್ಮಲ್ ಬಂದಿದೆ, ಇದೇನಿರಬಹುದು ಅಂತ ಕೇಳಿದ್ದೀರಿ. ಇದು ಬಹುಶಃ ಪ್ಯಾನಿಕ್ ಅಟ್ಯಾಕ್, ಅಂದರೆ ಇದ್ದಕ್ಕಿದ್ದಂತೆ ಉಕ್ಕಿಬರುವ ತೀವ್ರ ಭಯ. ಬಸ್ಸು ತುಂಬಿದ ಕೂಡಲೇ ಎದೆ ಹೊಡೆದುಕೊಳ್ಳೋದು, ಅಂಗೈ ಬೆವರೋದು, ಸತ್ತೇಹೋದೆ ಅನ್ನಿಸೋದು, ಸ್ವಲ್ಪ ಹೊತ್ತಲ್ಲಿ ಅದು ತಾನಾಗೇ ಕಮ್ಮಿಯಾಗೋದು. ನನಗೂ ಹೀಗೇ ಆಗುತ್ತಿತ್ತು. ಇಸಿಜಿ ಸರಿ ಇದ್ದರೂ ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಅವುಗಳಲ್ಲಿ ಏರುಪೇರಾದರೂ ಎದೆ ಬಡಿತ ಜಾಸ್ತಿ ಆಗಬಹುದು.

ಮುಂದಿನ ಸಲ ಬಂದಾಗ ನಡುವೆ ಇಳಿಯಬೇಡಿ. ಮುಂದಿನ ಸೀಟಿನ ಕಂಬಿ ಹಿಡಿದು, ಅದು ಎಷ್ಟು ತಣ್ಣಗಿದೆ ಅಂತ ಗಮನಿಸಿ. ನಾಲ್ಕು ಎಣಿಸುತ್ತಾ ಉಸಿರು ತಗೊಳ್ಳಿ, ಆರು ಎಣಿಸುತ್ತಾ ಬಿಡಿ. ಇಳಿದುಬಿಟ್ಟರೆ ‘ಇಳಿದದ್ದಕ್ಕೇ ಬದುಕಿದೆ’ ಅಂತ ಮನಸ್ಸು ನಂಬುತ್ತದೆ. ಭಯ ಬೇರು ಬಿಡೋದು ಅಲ್ಲೇ.

ಈ ನಂಬಿಕೆ ಸಡಿಲಿಸೋಕೆ ಸಿಬಿಟಿ ಅನ್ನೋ ಥೆರಪಿ ಇದೆ, ಅಂದರೆ ಯೋಚನೆ, ನಡವಳಿಕೆ ಬದಲಿಸೋಕೆ ಕಲಿಸುವ ಮಾತಿನ ಚಿಕಿತ್ಸೆ. ನನ್ನ ಥೆರಪಿಸ್ಟ್ ಮೊದಲ ವಾರ ಒಂದೇ ಸ್ಟಾಪ್, ಆಮೇಲೆ ಎರಡು ಅಂತ ಕಳಿಸುತ್ತಿದ್ದರು. ನಿಮಗೆ ಎಷ್ಟು ವಾರ ಬೇಕಾಗುತ್ತೆ ಅಂತ ನಾನು ಹೇಳಲಾರೆ. ಮಾತ್ರೆ ಬೇಕಾ ಅನ್ನೋದನ್ನು ಮನೋವೈದ್ಯರೇ ನೋಡಿ ಹೇಳಬೇಕು.

ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಆದರೆ ಎದೆನೋವು ಕೈಗೋ ದವಡೆಗೋ ಹರಡಿದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ.