ಅನುದಾನದ ಅರ್ಜಿಗೆ ಮೊದಲು ಪ್ರಯೋಗದ ಯೋಜನೆ

ಜನವರಿ ಮತ್ತು ಜುಲೈ ತಿಂಗಳು ಹತ್ತಿರ ಬಂದಾಗಲೆಲ್ಲ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರುತ್ತವೆ. ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯು 2012ರಲ್ಲಿ ಸ್ಥಾಪಿಸಿದ ಬೈರಾಕ್ ಸಂಸ್ಥೆಯು ವರ್ಷಕ್ಕೆ ಎರಡು ಬಾರಿ, ಆ ತಿಂಗಳುಗಳಲ್ಲಿಯೇ, ಜೈವಿಕ ತಂತ್ರಜ್ಞಾನದ ಹೊಸ ಕಲ್ಪನೆಗಳನ್ನು ಪ್ರಯೋಗಕ್ಕೆ ಒಡ್ಡಲು ಕೊಡುವ 'ಬಿಗ್' ಅನುದಾನಕ್ಕೆ ಅರ್ಜಿ ಆಹ್ವಾನಿಸುವುದು ಇದಕ್ಕೆ ಕಾರಣ. 18 ತಿಂಗಳ ಅವಧಿಗೆ ಗರಿಷ್ಠ 50 ಲಕ್ಷ ರೂಪಾಯಿ ಸಿಗುತ್ತದೆ ಎಂಬ ಒಂದು ಸಾಲನ್ನು ಎಲ್ಲರೂ ಓದಿರುತ್ತಾರೆ. ಆ ಹಣವನ್ನು ಯಾವುದಕ್ಕೆ ಕೊಡುತ್ತಾರೆ ಎಂಬ ಉಳಿದ ಪುಟಗಳನ್ನು ಓದಿದವರು ಕಡಿಮೆ. ಜಾಲತಾಣದಲ್ಲಿ ಖಾತೆ ತೆರೆಯುವ ಕ್ರಮ, ಲಗತ್ತಿಸಬೇಕಾದ ದಾಖಲೆಗಳು ಮುಂತಾದವುಗಳಿಗೆ ಇಲ್ಲಿ ಉತ್ತರಿಸುವುದಿಲ್ಲ. ಅವು ಆಯಾ ಸುತ್ತಿನ ಪ್ರಕಟಣೆಯಲ್ಲಿಯೇ ಇವೆ, ಮತ್ತು ಅದನ್ನು ಪೂರ್ತಿ ಓದುವ ತಾಳ್ಮೆ ಇಲ್ಲದವರು ಸಾರ್ವಜನಿಕ ಹಣವನ್ನು ಕೇಳಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಶ್ನೆ: ಕಣ್ಣಿನ ಕೆಳರೆಪ್ಪೆಯ ಒಳಭಾಗವನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು ರಕ್ತಹೀನತೆಯನ್ನು ಪತ್ತೆ ಮಾಡುವ ತಂತ್ರಾಂಶವನ್ನು ನಮ್ಮ ಸಣ್ಣ ಕಂಪನಿ ಸಿದ್ಧಪಡಿಸಿದೆ. ಪರಿಚಯದ ಉಪನ್ಯಾಸಕರೊಬ್ಬರ ನೆರವಿನಿಂದ 60 ಕಾಲೇಜು ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದೆವು. ಅವರಲ್ಲಿ 5 ಮಂದಿಗೆ ರಕ್ತಹೀನತೆ ಇತ್ತು. ನಮ್ಮ ತಂತ್ರಾಂಶದ ನಿಖರತೆ ಶೇ 92ರಷ್ಟು ಬಂದಿದೆ. ಆದರೂ, ಕಚೇರಿಯ ಒಳಾಂಗಣ ಮತ್ತು ಜಾಹೀರಾತಿನ ಖರ್ಚನ್ನೂ ಸೇರಿಸಿ ಹಾಕಿದ ನಮ್ಮ ಅರ್ಜಿ ಎರಡು ಸಲ ತಿರಸ್ಕೃತವಾಯಿತು. 'ಹೊಸತನ ಸ್ಪಷ್ಟವಾಗಿಲ್ಲ, ಮೌಲ್ಯಮಾಪನದ ಯೋಜನೆ ಸಾಲದು' ಎಂದಷ್ಟೇ ತಿಳಿಸಿದ್ದಾರೆ. ಅರ್ಜಿಯ ಭಾಷೆಯನ್ನು ಹೇಗೆ ತಿದ್ದಬೇಕು? (ಓದುಗರು, ವಿದ್ಯಾನಗರ, ಹುಬ್ಬಳ್ಳಿ)

ಉತ್ತರ: ಭಾಷೆಯನ್ನು ಮುಟ್ಟಬೇಡಿ, ಅದರಲ್ಲಿ ದೋಷವಿಲ್ಲ. ನೀವು ಹೆಮ್ಮೆಯಿಂದ ಬರೆದ ಆ ಶೇ 92ನ್ನೇ ಮೊದಲು ನೋಡಿ. 60 ಮಂದಿಯಲ್ಲಿ 55 ಮಂದಿ ಆರೋಗ್ಯವಂತರು. ಯಾರ ಕಣ್ಣನ್ನೂ ನೋಡದೆ, ಬಂದವರಿಗೆಲ್ಲ 'ರಕ್ತಹೀನತೆ ಇಲ್ಲ' ಎಂದು ಹೇಳುವ ತಂತ್ರಾಂಶವೂ 60ಕ್ಕೆ 55 ಸರಿ ಉತ್ತರ ಕೊಡುತ್ತದೆ, ಅದು ಶೇ 92ಕ್ಕೆ ಬಹುತೇಕ ಸಮ. ಪರಿಶೀಲನೆಗೆ ಕುಳಿತ ಯಾವ ತಜ್ಞರಾದರೂ ಈ ಲೆಕ್ಕವನ್ನು ಒಂದು ನಿಮಿಷದಲ್ಲಿ ಮಾಡುತ್ತಾರೆ, ಆಮೇಲೆ ನಿಮ್ಮ ಉಳಿದ ಪುಟಗಳನ್ನು ಅವರು ನಂಬಿಕೆಯಿಂದ ಓದುವುದಿಲ್ಲ. ನೀವು ಹೇಳಬೇಕಾದದ್ದು ಎರಡು ಬೇರೆ ಬೇರೆ ಸಂಖ್ಯೆಗಳನ್ನು: ರಕ್ತಹೀನತೆ ಇರುವವರಲ್ಲಿ ಎಷ್ಟು ಮಂದಿಯನ್ನು ನಿಮ್ಮ ತಂತ್ರಾಂಶ ಗುರುತಿಸಿತು, ಮತ್ತು ಇಲ್ಲದವರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಕೈಬಿಟ್ಟಿತು. ಐದೇ ರೋಗಿಗಳನ್ನು ಇಟ್ಟುಕೊಂಡು ಮೊದಲನೆಯ ಸಂಖ್ಯೆಯನ್ನು ಯಾರೂ ಹೇಳಲಾರರು.

ಹಾಗಾದರೆ ಎಷ್ಟು ಮಂದಿ ಬೇಕು? ರೋಗ ಇರುವವರಲ್ಲಿ ಶೇ 90 ಮಂದಿಯನ್ನು ಗುರುತಿಸುತ್ತೇವೆ, ಈ ಅಂದಾಜಿನಲ್ಲಿ ಮೇಲೆ ಕೆಳಗೆ ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂದು ನೀವು ಹೇಳಿಕೊಳ್ಳುವುದಾದರೆ, ಶೇ 95ರ ವಿಶ್ವಾಸ ಮಟ್ಟದಲ್ಲಿ ಕನಿಷ್ಠ 139 ರಕ್ತಹೀನರು ಬೇಕಾಗುತ್ತಾರೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅಂದರೆ ಇಂಥ ಗುಂಪಿನಿಂದ ಸುಮಾರು 290 ಮಂದಿಯನ್ನು ಸೇರಿಸಿಕೊಂಡರೆ ಆ 139 ಮಂದಿ ಸಿಗಬಹುದು. ಅರ್ಜಿಯಲ್ಲಿ ಈ ಲೆಕ್ಕವನ್ನು ಮೂರು ಸಾಲಿನಲ್ಲಿ ತೋರಿಸಿ. 'ಸಾಕಷ್ಟು ಜನರ ಮೇಲೆ ಪರೀಕ್ಷಿಸಲಾಗುವುದು' ಎಂಬ ವಾಕ್ಯಕ್ಕೆ ಯಾವ ಬೆಲೆಯೂ ಇಲ್ಲ.

ಇನ್ನು ನೀವು ಯಾವುದರ ಜೊತೆಗೆ ಹೋಲಿಸಿದಿರಿ ಎಂಬುದು ಪತ್ರದಲ್ಲಿ ಇಲ್ಲವೇ ಇಲ್ಲ. ರಕ್ತನಾಳದಿಂದ ತೆಗೆದ ರಕ್ತವನ್ನು ಪ್ರಯೋಗಾಲಯದ ಸ್ವಯಂಚಾಲಿತ ಯಂತ್ರದಲ್ಲಿ ಅಳೆದ ಹಿಮೋಗ್ಲೋಬಿನ್ ಪ್ರಮಾಣವೇ ನಿಮ್ಮ ಒರೆಗಲ್ಲಾಗಬೇಕು. ಎರಡೂ ಅಳತೆಗಳ ನಡುವೆ 'ಉತ್ತಮ ಸಹಸಂಬಂಧ ಇದೆ', ಅಂದರೆ ಒಂದು ಏರಿದಂತೆ ಇನ್ನೊಂದೂ ಏರುತ್ತದೆ, ಎಂದು ಬರೆದು ಕೈತೊಳೆದುಕೊಳ್ಳುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಪ್ರತಿ ಸಲವೂ ಅರ್ಧ ಕಿಲೋ ಹೆಚ್ಚು ತೋರಿಸುವ ಸಂತೆಯ ತಕ್ಕಡಿಗೂ ಸರಿಯಾದ ತಕ್ಕಡಿಗೂ ಸಹಸಂಬಂಧ ಪರಿಪೂರ್ಣವಾಗಿಯೇ ಇರುತ್ತದೆ, ಆದರೆ ಅಳತೆ ತಪ್ಪು. ಎರಡು ಅಳತೆಗಳ ವ್ಯತ್ಯಾಸವನ್ನೇ ನೇರವಾಗಿ ಪರಿಶೀಲಿಸುವ ಕ್ರಮವನ್ನು ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿಯೇ ವಿವರಿಸಿದ್ದಾರೆ, ಅದನ್ನು ಬಳಸಿ. ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರ್ ರಕ್ತಕ್ಕೆ 7 ಗ್ರಾಂಗಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ. ಆ ಮಟ್ಟದವರು ಕಾಲೇಜಿನ ತರಗತಿಯಲ್ಲಿ ಸಿಗುವುದಿಲ್ಲ, ಹೆರಿಗೆ ವಿಭಾಗದಲ್ಲಿ ಸಿಗುತ್ತಾರೆ, ಮತ್ತು ನಿಮ್ಮ ಉಪಕರಣದ ಅಗತ್ಯ ಅತಿ ಹೆಚ್ಚು ಇರುವುದೂ ಅವರಿಗೇ. ತಂತ್ರಾಂಶವನ್ನು ಕಲಿಸಲು ಬಳಸಿದ ವ್ಯಕ್ತಿಗಳ ಚಿತ್ರಗಳು ಅದನ್ನು ಪರೀಕ್ಷಿಸುವಾಗ ಮತ್ತೆ ಬರಕೂಡದು. ಬಿಸಿಲಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಬೇರೆ ಬೇರೆ ಬೆಲೆಯ ಮೊಬೈಲ್‌ಗಳಲ್ಲಿ ಬಣ್ಣ ಹೇಗೆ ಬದಲಾಗುತ್ತದೆ ಎಂಬುದನ್ನು ಪ್ರತ್ಯೇಕವಾಗಿ ಅಳೆಯಬೇಕು. ಇದು ನಿಮ್ಮ ಇಡೀ ಕೆಲಸದ ಅತ್ಯಂತ ಕಠಿಣ ಭಾಗ, ಆದರೆ ನಿಮ್ಮ ಪತ್ರದಲ್ಲಿ ಬೆಳಕಿನ ಮಾತೇ ಇಲ್ಲ.

ಹೊಸತನದ ವಿಷಯ. ಕಣ್ಣಿನ ರೆಪ್ಪೆ ಮಡಚಿ ನೋಡಿ 'ರಕ್ತ ಕಡಿಮೆ ಇದೆ' ಎನ್ನುವುದು ವೈದ್ಯರ ಹಳೆಯ ಕ್ರಮ. ಅದನ್ನು ಮೊಬೈಲ್ ಚಿತ್ರದಿಂದ ಮಾಡುವ ಪ್ರಯತ್ನಗಳು ಹಲವು ದೇಶಗಳಲ್ಲಿ ಪ್ರಕಟವಾಗಿವೆ. ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮ 2018ರಲ್ಲಿ ಆರಂಭವಾದಾಗಿನಿಂದ ಬೆರಳ ತುದಿಯ ಒಂದು ಹನಿ ರಕ್ತದಿಂದ ಅಳೆಯುವ ಡಿಜಿಟಲ್ ಮೀಟರ್‌ಗಳೂ ಬಳಕೆಯಲ್ಲಿವೆ. ಇವೆಲ್ಲ ಇರುವಾಗ ನಿಮ್ಮದು ಏಕೆ ಬೇಕು, ಅದನ್ನು ಯಾರು ಬಳಸುತ್ತಾರೆ, ಕುಂದಗೋಳದ ಹಳ್ಳಿಯೊಂದರ ಆಶಾ ಕಾರ್ಯಕರ್ತೆಯೋ ಅಥವಾ ಆಸ್ಪತ್ರೆಯ ಶುಶ್ರೂಷಕಿಯೋ, ತಪ್ಪು ಫಲಿತಾಂಶ ಬಂದರೆ ರೋಗಿಗೆ ಏನಾಗುತ್ತದೆ ಎಂಬುದನ್ನು ಒಂದು ಪುಟದಲ್ಲಿ ಬರೆಯಲು ಆಗದಿದ್ದರೆ ಆ ತಿರಸ್ಕಾರ ನ್ಯಾಯವಾದದ್ದೇ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಕಳವಳಗೊಳಿಸಿದ್ದು 'ಪರಿಚಯದ ಉಪನ್ಯಾಸಕರ ನೆರವಿನಿಂದ' ಎಂಬ ಮಾತು. ಮನುಷ್ಯರ ಮೇಲಿನ ಸಂಶೋಧನೆಯನ್ನು ಪರಿಶೀಲಿಸುವ ನೈತಿಕ ಸಮಿತಿಯ ಅನುಮತಿ ಪಡೆದಿದ್ದಿರೋ? ಆ ವಿದ್ಯಾರ್ಥಿಗಳು ಲಿಖಿತ ಒಪ್ಪಿಗೆ ಕೊಟ್ಟಿದ್ದರೋ? 18 ತುಂಬದವರಿದ್ದರೆ ಪೋಷಕರ ಒಪ್ಪಿಗೆ ಇತ್ತೋ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳು ಕಂಪನಿಗಳಿಗೂ ಅನ್ವಯಿಸುತ್ತವೆ. ಕೆಲಸ ಮುಗಿದ ಮೇಲೆ ಹಿಂದಿನ ದಿನಾಂಕದಿಂದ ಅನುಮತಿ ಪಡೆಯುವ ದಾರಿ ಇಲ್ಲ, ಹಾಗೆ ಕೊಡಿಸುತ್ತೇನೆ ಎನ್ನುವವರನ್ನು ದೂರ ಇಡಿ. ಅನುಮತಿ ಇಲ್ಲದೆ ಸಂಗ್ರಹಿಸಿದ್ದಾದರೆ ಆ 60 ಚಿತ್ರಗಳನ್ನು ಅರ್ಜಿಯಲ್ಲಿ ಬಳಸಬೇಡಿ. ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದಲ್ಲಿ ಎಸ್‌ಡಿಎಂ, ಗದಗದಲ್ಲಿ ಜಿಮ್ಸ್ ಇವೆ. ವೈದ್ಯಕೀಯ ಕಾಲೇಜೊಂದರ ಪ್ರಸೂತಿ ಅಥವಾ ರೋಗಶಾಸ್ತ್ರ ವಿಭಾಗದ ಪ್ರಾಧ್ಯಾಪಕರನ್ನು ಸಹ-ಸಂಶೋಧಕರನ್ನಾಗಿ ಮಾಡಿಕೊಂಡು, ಯೋಜನೆಯನ್ನು ಅವರ ಜೊತೆ ಕುಳಿತು ಬರೆದು, ಅಲ್ಲಿಯ ಸಮಿತಿಯ ಮುಂದೆ ಇಡಿ. ಅವರ ಹೆಸರನ್ನು ಮಾತ್ರ ಕೇಳಿ ಪಡೆದು ಅರ್ಜಿಯಲ್ಲಿ ಹಾಕುವುದು ಮೋಸ. ರೋಗ ಪತ್ತೆಗೆ ಬಳಸುವ ತಂತ್ರಾಂಶವೂ 2020ರ ಏಪ್ರಿಲ್ 1ರಿಂದ ಕಾನೂನಿನ ದೃಷ್ಟಿಯಲ್ಲಿ ವೈದ್ಯಕೀಯ ಸಾಧನವೇ ಆಗಿದೆ. ಆದ್ದರಿಂದ 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ನಿಮ್ಮದು ಯಾವ ವರ್ಗಕ್ಕೆ ಸೇರುತ್ತದೆ ಎಂಬುದನ್ನೂ ಅರ್ಜಿಯಲ್ಲಿ ಹೇಳಬೇಕು.

ಕೊನೆಗೆ ಹಣ. ಕಚೇರಿಯ ಒಳಾಂಗಣಕ್ಕೆ, ಜಾಹೀರಾತಿಗೆ ನೀವು ತೋರಿಸಿದ ಮೊತ್ತವನ್ನು ತೆಗೆದುಹಾಕಿ. ಈ ಅನುದಾನ ಇರುವುದು ಒಂದು ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಕಂಡುಕೊಳ್ಳುವುದಕ್ಕೆ. ಹಣ ಕಂತುಗಳಲ್ಲಿ, ಒಪ್ಪಿಕೊಂಡ ಮೈಲಿಗಲ್ಲುಗಳನ್ನು ತಲುಪಿದ ಮೇಲೆ ಬಿಡುಗಡೆಯಾಗುತ್ತದೆ. ಆದ್ದರಿಂದ 'ಮಾದರಿ ಅಭಿವೃದ್ಧಿ ಪೂರ್ಣ' ಎಂಬಂಥ ಮಸುಕಾದ ಮೈಲಿಗಲ್ಲು ಮುಂದೆ ನಿಮ್ಮ ಕೊರಳಿಗೇ ಸುತ್ತಿಕೊಳ್ಳುತ್ತದೆ. 'ಆರನೆಯ ತಿಂಗಳ ಕೊನೆಗೆ ಮೂರು ಬಗೆಯ ಬೆಳಕಿನಲ್ಲಿ, ನಾಲ್ಕು ಮೊಬೈಲ್‌ಗಳಲ್ಲಿ ಬಣ್ಣದ ವ್ಯತ್ಯಾಸವನ್ನು ನಿಗದಿತ ಮಿತಿಯೊಳಗೆ ತರುವುದು' ಎಂದು, ಮಿತಿಯನ್ನು ಅಂಕಿಯಲ್ಲಿ ಹಾಕಿ ಬರೆಯಿರಿ. ಅದನ್ನು ಸಾಧಿಸಲಾಗದಿದ್ದರೆ ಏನು ಮಾಡುತ್ತೀರಿ ಎಂಬುದನ್ನೂ ಸೇರಿಸಿ. ಅನುದಾನಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಡಿ, ಬಳಕೆಯ ಪ್ರಮಾಣಪತ್ರಗಳನ್ನು ಲೆಕ್ಕಪರಿಶೋಧಕರಿಂದ ಸಮಯಕ್ಕೆ ಸರಿಯಾಗಿ ಮಾಡಿಸಿ, ಮತ್ತು ಖರ್ಚಾಗದ ಹಣಕ್ಕೆ ಬಂದ ಬಡ್ಡಿ ಸರ್ಕಾರದ್ದು, ನಿಮ್ಮದಲ್ಲ ಎಂಬುದನ್ನು ಮರೆಯಬೇಡಿ.

ಮುಂದಿನ ಸುತ್ತಿಗೆ ಅರ್ಜಿ ಹಾಕಬೇಡಿ. ಆ ಆರು ತಿಂಗಳನ್ನು ನೈತಿಕ ಸಮಿತಿಯ ಅನುಮತಿಗೆ ಮತ್ತು ಒಂದು ಸಣ್ಣ, ಪ್ರಾಮಾಣಿಕ ಪೂರ್ವಪರೀಕ್ಷೆಗೆ ಬಳಸಿ, ಅದರ ನಂತರದ ಸುತ್ತಿಗೆ ಹೋಗಿ. ಕೆಲವರು ಇದನ್ನು ಅತಿ ಎಚ್ಚರಿಕೆ ಎನ್ನಬಹುದು, ನಾನು ಒಪ್ಪುವುದಿಲ್ಲ.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿಯಿಂದ ಕ್ಯಾಪ್ಸೈಸಿನ್ ತೆಗೆದು ಮಂಡಿನೋವಿಗೆ ಮುಲಾಮು ಮಾಡಲು ಅನುದಾನ ಸಿಗುತ್ತದೆಯೇ? (ಓದುಗರು, ಬ್ಯಾಡಗಿ)

ಉತ್ತರ: ಬ್ಯಾಡಗಿಯ ಹೆಸರು ಇರುವುದು ಕಡುಗೆಂಪು ಬಣ್ಣಕ್ಕೆ, ಅದರಲ್ಲಿ ಖಾರ ಕಡಿಮೆ. ಖಾರ ಕೊಡುವ ವಸ್ತುವೇ ಕ್ಯಾಪ್ಸೈಸಿನ್. ಅದನ್ನು ತೆಗೆಯಲು ಅದು ಕಡಿಮೆ ಇರುವ ತಳಿಯನ್ನು ಆರಿಸಿದ್ದೀರಿ, ಮತ್ತು ಕ್ಯಾಪ್ಸೈಸಿನ್ ಮುಲಾಮುಗಳು ಈಗಾಗಲೇ ಔಷಧದ ಅಂಗಡಿಗಳಲ್ಲಿವೆ. ಬಣ್ಣದ ಸತ್ವದ ಬಗ್ಗೆ ಯೋಚಿಸಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೊಂದಿಗೆ ಮಾತನಾಡಿ.

ಪ್ರಶ್ನೆ: ನಮ್ಮ ಮನೆತನದ ಪುಡಿಯಿಂದ ಸಕ್ಕರೆ ಕಾಯಿಲೆ ಪೂರ್ತಿ ಗುಣವಾಗುತ್ತದೆ. ಪೇಟೆಂಟ್ ಮತ್ತು ಅನುದಾನ ಎರಡೂ ಬೇಕು. (ಓದುಗರು, ಹಾವೇರಿ ಜಿಲ್ಲೆ)

ಉತ್ತರ: ಎರಡೂ ಸಿಗುವುದಿಲ್ಲ. ಸಾಂಪ್ರದಾಯಿಕ ಜ್ಞಾನಕ್ಕೆ ಪೇಟೆಂಟ್ ಇಲ್ಲ ಎಂದು ಪೇಟೆಂಟ್ ಕಾಯ್ದೆಯ 3(ಪಿ) ಕಲಮು ಹೇಳುತ್ತದೆ; ಮಧುಮೇಹವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ನಿಷೇಧಿಸಿದೆ. ಇಂಥ ಪುಡಿಯನ್ನು ನಂಬಿ ಇನ್ಸುಲಿನ್ ನಿಲ್ಲಿಸಿದವರು ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರುತ್ತಾರೆ, ಕೆಲವರು ಮರಳಿ ಬರುವುದಿಲ್ಲ. ಇವತ್ತೇ ಮಾರಾಟ ನಿಲ್ಲಿಸಿ.

ಪ್ರಶ್ನೆ: ಶೇ 10 ಕೊಟ್ಟರೆ ಮಂಜೂರಾತಿ ಖಾತರಿ ಎಂದು ಸಲಹೆಗಾರರೊಬ್ಬರು ಹೇಳಿದ್ದಾರೆ. ಕೊಡಬಹುದೇ? (ಓದುಗರು, ನವನಗರ)

ಉತ್ತರ: ಕೊಡಬೇಡಿ. ತಜ್ಞರ ಸಮಿತಿ ತೀರ್ಮಾನಿಸುವ ವಿಷಯದಲ್ಲಿ ಖಾತರಿ ಕೊಡುವವನು ವಂಚಕ, ಮತ್ತು ಅನುದಾನದ ಹಣದಲ್ಲಿ ಕಮಿಷನ್ ಕೊಟ್ಟರೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬೀಳುವವರು ನೀವು. ಹುಬ್ಬಳ್ಳಿಯಲ್ಲಿಯೇ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ, ದೇಶಪಾಂಡೆ ಸ್ಟಾರ್ಟಪ್ಸ್‌ನಲ್ಲಿ ಹೊಸ ಉದ್ಯಮಗಳಿಗೆ ಮಾರ್ಗದರ್ಶನ ಮಾಡುವವರಿದ್ದಾರೆ.

ಪ್ರಶ್ನೆ: ಅಮೆರಿಕ ಸರ್ಕಾರದ ಎಸ್‌ಬಿಐಆರ್ ಅನುದಾನಕ್ಕೆ ನಮ್ಮ ಧಾರವಾಡದ ಕಂಪನಿ ಅರ್ಜಿ ಹಾಕಬಹುದೇ? (ಓದುಗರು, ಧಾರವಾಡ)

ಉತ್ತರ: ಇಲ್ಲ. ಅದು ಅಮೆರಿಕದಲ್ಲಿರುವ ಸಣ್ಣ ಉದ್ಯಮಗಳಿಗೆ ಮಾತ್ರ.

ಪ್ರಶ್ನೆ: ನಮ್ಮದು ಇಪ್ಪತ್ತು ವರ್ಷದ ಪಾಲುದಾರಿಕೆ ಸಂಸ್ಥೆ, ಆಸ್ಪತ್ರೆಗಳಿಗೆ ಸ್ಟೀಲ್ ಸಾಮಗ್ರಿ ಮಾಡುತ್ತೇವೆ. ಬಿಗ್ ಅನುದಾನಕ್ಕೆ ಅರ್ಹತೆ ಇದೆಯೇ? (ಓದುಗರು, ಗದಗ)

ಉತ್ತರ: ಇಲ್ಲ. ಪಾಲುದಾರಿಕೆ ಮತ್ತು ಏಕಮಾಲೀಕತ್ವದ ಸಂಸ್ಥೆಗಳು ಅರ್ಹವಲ್ಲ. ಕಂಪನಿ ಕಾಯ್ದೆಯಡಿ ನೋಂದಣಿಯಾಗಿ ಐದು ವರ್ಷ ದಾಟದ, ಶೇ 51ರಷ್ಟಾದರೂ ಷೇರು ಭಾರತೀಯ ನಾಗರಿಕರ ಕೈಯಲ್ಲಿರುವ ಕಂಪನಿ, ಅಥವಾ ಪಾಲುದಾರರ ಹೊಣೆಗೆ ಮಿತಿಯಿರುವ, ಪ್ರತ್ಯೇಕವಾಗಿ ನೋಂದಣಿಯಾಗುವ ಸಂಸ್ಥೆಯಾದ ಎಲ್ಎಲ್‌ಪಿ ಬೇಕು. ನಿಮ್ಮಲ್ಲಿ ನಿಜವಾಗಿ ಹೊಸ ಸಾಧನದ ಕಲ್ಪನೆ ಇದ್ದರೆ ಅದಕ್ಕಾಗಿ ಪ್ರತ್ಯೇಕ ಕಂಪನಿ ಸ್ಥಾಪಿಸಿ, ಅದಕ್ಕೆ ಸ್ವಂತ ಸಂಶೋಧನಾ ಪ್ರಯೋಗಾಲಯ ಇಲ್ಲವೇ ಹೊಸ ಉದ್ಯಮಗಳಿಗೆ ಆಸರೆ ಕೊಡುವ ಇನ್‌ಕ್ಯುಬೇಟರ್‌ನಲ್ಲಿ ಜಾಗ ಮಾಡಿಕೊಡಿ. ಹಳೆಯ ಸಾಮಗ್ರಿಗೆ ಹೊಸ ಹೆಸರಿಡುವುದಕ್ಕಾಗಿ ಕಂಪನಿ ತೆರೆಯುವುದಾದರೆ ನೋಂದಣಿಯ ಖರ್ಚನ್ನು ಉಳಿಸಿಕೊಳ್ಳಿ.