ರಾಣೆಬೆನ್ನೂರಿನ ಬೀಜದ ಅಂಗಡಿ ಕೆಲಸ ಬಿಟ್ಟು ಪೂರ್ತಿ ಯೂಟ್ಯೂಬ್‌ಗೆ ಇಳಿಯಲೇ?

ಅಂಗಡಿ ಬಿಡಬೇಡಿ.

6,000 ಸಬ್‌ಸ್ಕ್ರೈಬರ್ ಇದ್ದಾರೆ, ವ್ಯೂಸ್ ಎರಡು ಸಾವಿರಕ್ಕೆ ಬಂದು ನಿಂತಿದೆ, ಥಂಬ್‌ನೇಲ್ (ವಿಡಿಯೊ ತೆರೆಯುವ ಮೊದಲು ಕಾಣುವ ಚಿತ್ರ) ಇನ್ನೂ ‘ಮಾಸ್’ ಆಗಬೇಕಾ, ಕೆಲಸ ಬಿಟ್ಟು ದಿನಾ ವಿಡಿಯೊ ಹಾಕಿದರೆ ಬೆಳೆಯುತ್ತಾ ಅಂತ ನೀವು ಬರೆದದ್ದನ್ನು ಓದುವಾಗ 2023ರ ಡಿಸೆಂಬರ್‌ನಲ್ಲಿ ನಾನು ಬರೆದದ್ದನ್ನೇ ಯಾರೋ ನಕಲು ಮಾಡಿದ್ದಾರೆ ಅನ್ನಿಸಿತು. ನಿಮ್ಮದು ಬೀಜ, ಔಷಧಿ. ನನ್ನದು ಮೆಣಸಿನಕಾಯಿ. ಉಳಿದದ್ದೆಲ್ಲ ಒಂದೇ.

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ತಿಂಗಳಿಗೆ ಹದಿನಾಲ್ಕು ಸಾವಿರ, ಸುಗ್ಗಿಯಲ್ಲಿ ಮೇಲೆ ಸ್ವಲ್ಪ. ಮೊದಲು ಟಿಕ್‌ಟಾಕ್‌ನಲ್ಲಿ ಹಮಾಲರ ತಮಾಷೆ, ಚೀಲದ ರಾಶಿ, ಘಾಟಿಗೆ ಸೀನುವವರು, ಇಂಥವನ್ನೆಲ್ಲ ಹಾಕುತ್ತಿದ್ದೆ. 2020ರ ಜೂನ್ 29ರ ರಾತ್ರಿ ಸರ್ಕಾರ 59 ಆ್ಯಪ್ ಬ್ಯಾನ್ ಮಾಡಿತಲ್ಲ, ಅಲ್ಲಿಗೆ ಅದು ಮುಗಿಯಿತು. ಒಂದೂವರೆ ವರ್ಷದ ಮಂದಿ ಒಂದೇ ರಾತ್ರಿಯಲ್ಲಿ ಕಾಣೆ. ನೀವು ‘ಅಲ್ಗಾರಿದಂ (ಯಾರಿಗೆ ಯಾವ ವಿಡಿಯೊ ತೋರಿಸಬೇಕು ಅಂತ ಯೂಟ್ಯೂಬ್ ಹಾಕುವ ಲೆಕ್ಕ) ಬದಲಾದರೆ ಏನು ಗತಿ’ ಅಂತ ಭಯ ಬರೆದಿದ್ದೀರಿ. ಅದು ಸುಳ್ಳು ಭಯ ಅಲ್ಲ. ಬಾಡಿಗೆ ಮನೆಯಲ್ಲಿ ಇದ್ದಂಗೆ, ಮಾಲೀಕ ಯಾವಾಗ ಬಿಡಿಸುತ್ತಾನೋ ಹೇಳಲಿಕ್ಕೆ ಬರುವುದಿಲ್ಲ. ಆದರೆ ನನ್ನನ್ನು ಹಾಳು ಮಾಡಿದ್ದು ಅಲ್ಗಾರಿದಂ ಅಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆಮೇಲೆ ಯೂಟ್ಯೂಬ್. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರ್. ರೈತರು ಹಿಂದಿನ ರಾತ್ರಿಯೇ ಗದಗ, ಕುಂದಗೋಳ ಕಡೆಯಿಂದ, ಬಳ್ಳಾರಿ, ಆಂಧ್ರದಿಂದಲೂ ಚೀಲ ತಂದು ಇಳಿಸುತ್ತಾರೆ. ಬೆಳಿಗ್ಗೆ ಒಬ್ಬೊಬ್ಬರ ರಾಶಿಗೆ ಲಾಟ್ ನಂಬರ್ ಹಚ್ಚುತ್ತಾರೆ, ಖರೀದಿದಾರರು ಕಾಯಿ ಹಿಡಿದು ನೋಡಿ ರೇಟು ಹಾಕುತ್ತಾರೆ, ಮಧ್ಯಾಹ್ನದ ಮೇಲೆ ಯಾವ ಲಾಟಿಗೆ ಎಷ್ಟು ಅಂತ ಗೊತ್ತಾಗುತ್ತದೆ. ಒಪ್ಪಿದರೆ ತೂಕ. ಒಪ್ಪದಿದ್ದರೆ ಮುಂದಿನ ಟೆಂಡರು, ಇಲ್ಲವೇ ಕೋಲ್ಡ್ ಸ್ಟೋರೇಜು. ನಾನು ಮಾಡುತ್ತಿದ್ದದ್ದು ಇಷ್ಟೇ: ಮೊಬೈಲ್ ಒಂದು ಕೈಯಲ್ಲಿ, ಕಾಯಿ ಇನ್ನೊಂದು ಕೈಯಲ್ಲಿ. ಇದು ಈ ಬಣ್ಣ ಇದೆ, ನೆರಿಗೆ ಹೀಗಿದೆ, ಇದಕ್ಕೆ ಇಷ್ಟು ಬಂತು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ ತೋರಿಸುತ್ತಿದ್ದೆ. ಚೆನ್ನಾಗಿ ಒಣಗಿದ ಕಾಯಿಯೊಳಗೆ ಬೀಜ ಗಿಲಕಿಯಂತೆ ಸದ್ದು ಮಾಡುತ್ತದೆ, ಹಸಿ ಇದ್ದರೆ ಸುಮ್ಮನಿರುತ್ತದೆ. ಆ ಸದ್ದು ಕೇಳಲಿಕ್ಕೇ ಮಂದಿ ನೋಡುತ್ತಿದ್ದರು ಅಂತ ಈಗ ಅನ್ನಿಸುತ್ತದೆ.

ಜಾಹೀರಾತಿನ ದುಡ್ಡು ಬರಬೇಕಾದರೆ ಸಾವಿರ ಸಬ್‌ಸ್ಕ್ರೈಬರ್, ವರ್ಷದೊಳಗೆ ನಾಲ್ಕು ಸಾವಿರ ತಾಸು ನೋಡಿರಬೇಕು ಅನ್ನುವ ಲೆಕ್ಕ ಮುಗಿಸಲಿಕ್ಕೆ ಎರಡು ಸುಗ್ಗಿ ಬೇಕಾಯಿತು. ವಿಳಾಸ ಖಚಿತಪಡಿಸಲಿಕ್ಕೆ ಗೂಗಲ್ ಕಳಿಸುವ ಪಿನ್ ನಂಬರಿನ ಪತ್ರ ಅಂಚೆಯಲ್ಲಿ ಬಂದ ದಿನ ಅವ್ವ ಅದನ್ನು ಒಡೆಯಲಿಕ್ಕೇ ಬಿಡಲಿಲ್ಲ, ದೇವರ ಜಗುಲಿ ಮೇಲೆ ಇಟ್ಟಳು. ಒಳಗಿದ್ದದ್ದು ಆರಂಕಿಯ ನಂಬರು ಮಾತ್ರ. ಆದರೂ ನಮ್ಮ ಮನೆಗೆ ಅಮೆರಿಕದ ಕಂಪನಿಯಿಂದ ಪತ್ರ ಬಂದದ್ದು ಅದೇ ಮೊದಲು.

2023ರ ಡಿಸೆಂಬರ್‌ಗೆ ಸಬ್‌ಸ್ಕ್ರೈಬರ್ 11,000 ಆದರು. ನೂರು ಡಾಲರ್ ತುಂಬುವವರೆಗೆ ದುಡ್ಡು ಕಳಿಸುವುದಿಲ್ಲ, ನಿಮಗೂ ಗೊತ್ತಿರುತ್ತದೆ. ಹಿಂದಿನ ಸುಗ್ಗಿಯಲ್ಲಿ ಎರಡು ಸಲ ಬಂದಿತ್ತು, ಒಮ್ಮೆ ಹನ್ನೊಂದು ಸಾವಿರ ರೂಪಾಯಿ, ಒಮ್ಮೆ ಹತ್ತೊಂಬತ್ತು. ಈ ಹತ್ತೊಂಬತ್ತನ್ನು ಹನ್ನೆರಡರಿಂದ ಗುಣಿಸಿ ಸಾವಕಾರ್ರ ಹತ್ತಿರ ಹೋಗಿ ಕೆಲಸ ಬಿಡುತ್ತೇನೆ ಅಂದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. “ಮಳಿಗಾಲದಾಗ ಏನ್ ತೋರಸ್ತಿಯೋ?” ಅಂದರು. ಜೂನ್‌ನಿಂದ ದೀಪಾವಳಿವರೆಗೆ ಮಾರುಕಟ್ಟೆಯಲ್ಲಿ ಹೊಸ ಕಾಯಿ ಇರುವುದಿಲ್ಲ. ಆ ತಿಂಗಳುಗಳಲ್ಲಿ ನನಗೆ ಎಷ್ಟು ಬಂದಿತ್ತು ಅಂತ ನಾನು ನೋಡಿಯೇ ಇರಲಿಲ್ಲ. ನೀವು ಇವತ್ತೇ ಯೂಟ್ಯೂಬ್ ಸ್ಟುಡಿಯೋ (ಚಾನೆಲ್ಲಿನ ಲೆಕ್ಕ ತೋರಿಸುವ ಆ್ಯಪ್) ತೆಗೆದು ಬಿತ್ತನೆ ಇಲ್ಲದ ತಿಂಗಳುಗಳನ್ನು ನೋಡಿ. ಬಿತ್ತನೆ ಮುಗಿದ ಮೇಲೆ ಬೀಜದ ವಿಡಿಯೊ ಯಾರು ನೋಡುತ್ತಾರೆ?

ಇನ್ನು ತಪ್ಪಿನ ವಿಷಯ.

ಕೆಲಸ ಬಿಟ್ಟ ಎರಡನೇ ತಿಂಗಳು, 2024ರ ಫೆಬ್ರುವರಿ. ಗುರುವಾರ. ಮೂರು ಟೆಂಡರಿನಿಂದ ವ್ಯೂಸ್ ನಾಲ್ಕು ಸಾವಿರ ದಾಟಿರಲಿಲ್ಲ. ಬೈಕಿನ ಕಂತು ಇತ್ತು. ಅವತ್ತು ಒಂದು ಲಾಟಿಗೆ, ನೆನಪಿಡಿ, ಒಂದೇ ಒಂದು ಲಾಟಿಗೆ, ಕ್ವಿಂಟಲಿಗೆ ನಲವತ್ತು ಸಾವಿರದ ಮೇಲೆ ರೇಟು ಬಿತ್ತು. ಅದು ಡಬ್ಬಿ ಕಾಯಿ. ಗೊತ್ತಿಲ್ಲದವರಿಗೆ ಹೇಳಬೇಕು: ಬ್ಯಾಡಗಿ ಅಂದರೆ ಎರಡು ಥರ. ಕಡ್ಡಿ ಉದ್ದ, ತೆಳ್ಳಗೆ, ಮೈತುಂಬ ನೆರಿಗೆ. ಡಬ್ಬಿ ಗಿಡ್ಡ, ದುಂಡಗೆ, ಬಣ್ಣ ಜಾಸ್ತಿ, ಬೆಳೆಯುವವರು ಕಡಿಮೆ, ರೇಟು ಯಾವಾಗಲೂ ಮೇಲೆ. ನನ್ನ ವಿಡಿಯೊ ನೋಡುವವರಲ್ಲಿ ಹೆಚ್ಚಿನವರದು ಕಡ್ಡಿ. ಅವತ್ತು ಒಳ್ಳೆಯ ಕಡ್ಡಿಗೆ ಇಪ್ಪತ್ತು ಸಾವಿರದ ಆಜುಬಾಜು ನಡೆದಿತ್ತು.

ಥಂಬ್‌ನೇಲ್‌ಗೆ ‘ಒಂದು ಡಬ್ಬಿ ಲಾಟ್‌ಗೆ 40,000’ ಅಂತ ಬರೆದೆ. ಅಕ್ಷರ ಸಣ್ಣದಾದವು. ಮೊಬೈಲಿನಲ್ಲಿ ಕಾಣಲ್ಲ ಅಂತ ‘ಒಂದು’ ತೆಗೆದೆ. ಇನ್ನೂ ಸಣ್ಣದು. ‘ಲಾಟ್’ ತೆಗೆದೆ. ಕೊನೆಗೆ ‘ಡಬ್ಬಿ’ ತೆಗೆದೆ. ಉಳಿದದ್ದು: ‘ಬ್ಯಾಡಗಿ 40,000 ದಾಟಿತು!’ ಹಳದಿ ಅಕ್ಷರ, ಕೆಂಪು ಬಾಣ, ಬಾಯಿ ತೆರೆದ ನನ್ನ ಮುಖ. ಸುಳ್ಳು ಅಂತ ಒಂದು ಅಕ್ಷರವೂ ಇರಲಿಲ್ಲ, ನಾನು ಎಷ್ಟೋ ದಿನ ಇದನ್ನೇ ಹೇಳಿಕೊಂಡೆ. ವಿಡಿಯೊದಲ್ಲಿ ನಾಲ್ಕನೇ ನಿಮಿಷಕ್ಕೆ, ‘ಇದು ಡಬ್ಬಿ ಮಾತ್ರ, ಒಂದೇ ಲಾಟ್, ಕಡ್ಡಿಗೆ ಇಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ’ ಅಂತ ಸ್ಪಷ್ಟವಾಗಿ ಹೇಳಿದ್ದೆ. ನಾಲ್ಕನೇ ನಿಮಿಷಕ್ಕೆ ಯಾಕೆ? ಅಲ್ಲಿವರೆಗೆ ನೋಡಲಿ ಅಂತ.

ನೋಡಲಿಲ್ಲ. ಮೂರು ಲಕ್ಷದ ಹತ್ತು ಸಾವಿರ ವ್ಯೂಸ್ ಬಂತು, ಸರಾಸರಿ ನೋಡಿದ ಸಮಯ 1 ನಿಮಿಷ 52 ಸೆಕೆಂಡ್. ಆ ಅಂಕಿಯನ್ನು ನಾನು ಅದೇ ವಾರ ನೋಡಿದ್ದೆ, ‘ರಿಟೆನ್ಶನ್ ಕಮ್ಮಿ ಆತು’ ಅಂತ ಬೇಜಾರೂ ಮಾಡಿಕೊಂಡಿದ್ದೆ. ಅದರ ಅರ್ಥ ಅಷ್ಟೂ ಮಂದಿಯಲ್ಲಿ ಹೆಚ್ಚಿನವರು ‘ಡಬ್ಬಿ ಮಾತ್ರ’ ಅನ್ನುವ ಮಾತು ಕೇಳಿಯೇ ಇಲ್ಲ ಅಂತ ನನ್ನ ತಲೆಗೆ ಹೊಳೆಯಲಿಲ್ಲ. ಅದಕ್ಕಿಂತ ಕೆಟ್ಟದ್ದು, ವಿಡಿಯೊ ತೆರೆಯದವರು. ಥಂಬ್‌ನೇಲ್‌ನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗ್ರೂಪುಗಳಲ್ಲಿ ಹರಿದಾಡಿತು. ಅದಕ್ಕೆ ತಾರೀಖೂ ಇರಲಿಲ್ಲ, ನಾನು ಹಾಕಿರಲಿಲ್ಲ.

ಏಪ್ರಿಲ್‌ನಲ್ಲಿ ಒಬ್ಬರು ಕಾಕಾ ನನ್ನನ್ನು ಹುಡುಕಿಕೊಂಡು ಬಂದರು. ರೋಣದ ಕಡೆಯವರು. ಚಹಾದಂಗಡಿ ಮುಂದೆ ನಿಂತಿದ್ದೆ. ಜಗಳಕ್ಕೆ ಬಂದಿರಲಿಲ್ಲ, ಅದೇ ಕಷ್ಟವಾದದ್ದು. ಪಂಚೆಯ ಗಂಟಿನಿಂದ ಹಳೇ ಚೀಟಿ ತೆಗೆದು ತೋರಿಸಿದರು. ಫೆಬ್ರುವರಿಯಲ್ಲಿ ಅವರ ಕಡ್ಡಿಗೆ ಇಪ್ಪತ್ತೊಂದು ಸಾವಿರ ಬಿದ್ದಿತ್ತು. ಮೂರು ಕ್ವಿಂಟಲ್. ಮಗ ಮೊಬೈಲ್‌ನಲ್ಲಿ ನನ್ನ ಮುಖ ತೋರಿಸಿ ‘ನಲವತ್ತು ಆಗೇತಿ’ ಅಂದನಂತೆ. ಕೊಡಲಿಲ್ಲ, ಕೋಲ್ಡ್ ಸ್ಟೋರೇಜ್‌ಗೆ ಹಾಕಿದರು. ಮಾರ್ಚ್‌ನಲ್ಲಿ ರೇಟು ಕುಸಿಯಿತು. ಕೊನೆಗೆ ಹದಿಮೂರಕ್ಕೆ ಕೊಟ್ಟರು, ಬಾಡಿಗೆ ಬೇರೆ.

“ಕಾಕಾ, ವಿಡಿಯೊದಾಗ ನಾ ಹೇಳಿನ್ರಿ, ಡಬ್ಬಿ ಅಂತ,” ಅಂದೆ.

“ಹೇಳಿರಬೇಕು ತಮ್ಮಾ. ನಂಗ ಅಷ್ಟೊತ್ತು ನೋಡಾಕ ನೆಟ್ಟ ಇರಲಿಲ್ಲ.”

ಕ್ವಿಂಟಲಿಗೆ ಎಂಟು ಸಾವಿರದಂತೆ ಅವರಿಗೆ ಹೋದದ್ದು ಇಪ್ಪತ್ನಾಲ್ಕು ಸಾವಿರ. ಆ ವಿಡಿಯೊದಿಂದ ನನಗೆ ಬಂದದ್ದು ಏಳು ಸಾವಿರದ ನಾನೂರು. ಕಾಕಾ ಚಹಾದ ದುಡ್ಡು ತಾವೇ ಕೊಟ್ಟು ಹೋದರು.

ರೇಟು ಕುಸಿದದ್ದು ನನ್ನಿಂದ ಅಲ್ಲ, ಅಷ್ಟು ದೊಡ್ಡವನಲ್ಲ ನಾನು. ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು, ಸಿಟ್ಟಿಗೆದ್ದ ಮಂದಿ ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಅವತ್ತು ನಾನು ಅಲ್ಲೇ ಇದ್ದೆ. ಚಾನೆಲ್ ಇದ್ದವರೆಲ್ಲ ಲೈವ್ ಹೋದರು. ನಾನು ಮೊಬೈಲ್ ಜೇಬಿನಿಂದ ತೆಗೆಯಲಿಲ್ಲ. ಒಳ್ಳೆಯತನ ಅಂತ ತಿಳಿಯಬೇಡಿ, ಯಾರಾದರೂ ಗುರುತು ಹಿಡಿದರೆ ಏನು ಗತಿ ಅಂತ ಹೆದರಿದ್ದೆ.

ವಿಡಿಯೊ ಒಮ್ಮೆ ಹಾಕಿದ ಮೇಲೆ ಅದೇ ಲಿಂಕಿಗೆ ಬೇರೆ ವಿಡಿಯೊ ಕೂರಿಸಲಿಕ್ಕೆ ಬರುವುದಿಲ್ಲ. ಥಂಬ್‌ನೇಲ್, ಟೈಟಲ್ ಬದಲಿಸಿದೆ. ವಾಟ್ಸಾಪಿಗೆ ಹೋದದ್ದು ಹೋಯಿತು. ತಪ್ಪೊಪ್ಪಿಗೆಯ ವಿಡಿಯೊ ಬೇರೆ ಮಾಡಿದೆ, ಅದನ್ನು ನೋಡಿದವರು 1,900. ಹೊಸದಾಗಿ ಬಂದ ಎಂಟು ಸಾವಿರ ಸಬ್‌ಸ್ಕ್ರೈಬರ್‌ಗೆ ಮೆಣಸಿನಕಾಯಿಯೇ ಬೇಕಿರಲಿಲ್ಲ. ಮುಂದಿನ ವಿಡಿಯೊ ಅವರ ಮುಂದೆ ಬಂದಾಗ ಮುಟ್ಟಲಿಲ್ಲ, ವ್ಯೂಸ್ ಮೊದಲಿಗಿಂತ ಕೆಳಗೆ ಹೋಯಿತು. ಹಳಬರು ಲಾಟ್ ಹತ್ತಿರ ಮೊಬೈಲ್ ಒಯ್ದರೆ “ಬ್ಯಾಡ ತಗಿ” ಅನ್ನತೊಡಗಿದರು. ಮೊದಲು ಕೆಲಸ ಮಾಡಿದ ಅಂಗಡಿಯಲ್ಲೂ ಒಳಗೆ ಶೂಟ್ ಮಾಡಬೇಡ ಅಂದರು, ಅವರದೇನೂ ತಪ್ಪಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವ್ಯೂಸ್ ಹೆಚ್ಚಿಸುವುದು ಹೇಗೆ ಅಂತ ಕೇಳಿದ್ದೀರಿ, ಅದು ನನಗೆ ಪ್ರಶ್ನೆಯೇ ಅನ್ನಿಸುವುದಿಲ್ಲ. ನಿಮ್ಮ ಎರಡು ಸಾವಿರ ಮಂದಿ ಯಾರು? ರಾಣೆಬೆನ್ನೂರು, ಹಿರೇಕೆರೂರು ಕಡೆ ನಿಜವಾಗಿ ಬಿತ್ತುವವರು. ‘ಈ ತಳಿ ಎಕರೆಗೆ ಇಷ್ಟು’ ಅಂತ ನೀವು ಹಳದಿ ಅಕ್ಷರದಲ್ಲಿ ಬರೆದರೆ ಒಬ್ಬ ಆ ಪೊಟ್ಟಣ ಕೊಳ್ಳುತ್ತಾನೆ. ತಮಾಷೆ ವಿಡಿಯೊ ಮಾಡುವವನ ಥಂಬ್‌ನೇಲ್ ಪಾಠ ನಿಮಗೆ ನಡೆಯುವುದಿಲ್ಲ. ಅವನ ಉತ್ಪ್ರೇಕ್ಷೆಗೆ ನೋಡುಗನ ಎರಡು ನಿಮಿಷ ಹಾಳು, ನಿಮ್ಮದಕ್ಕೆ ಒಂದು ಹಂಗಾಮು.

ಅಂಗಡಿ ಬಿಟ್ಟರೆ ಸಂಬಳ ಹೋಗುತ್ತದೆ ಅಂತ ನಿಮ್ಮ ಮನೆಯವರು ಹೇಳುತ್ತಿದ್ದಾರೆ. ನಾನು ಹೇಳುವುದು ಬೇರೆ: ಅಂಗಡಿ ಬಿಟ್ಟರೆ ವಿಡಿಯೊ ಹೋಗುತ್ತದೆ. ‘ಹೋದ ವರ್ಷ ಕೊಟ್ಟ ಬೀಜ ಅರ್ಧಾನೂ ನಾಟಿಲ್ಲ’ ಅಂತ ಕೌಂಟರಿಗೆ ಬಂದು ಬೈಯುವ ರೈತ ನಿಮ್ಮ ರೂಮಿಗೆ ಬಂದು ಬೈಯುವುದಿಲ್ಲ. ಈಗ ದಿನಾ ಸಂಜೆ ಸರ್ಕಾರದ ಕೃಷಿ ಮಾರಾಟ ವಾಹಿನಿಯ ರೇಟು ಎತ್ತಿಕೊಂಡು ಎಐ ದನಿಯಲ್ಲಿ ಓದಿಸುವ ಚಾನೆಲ್‌ಗಳು ಬಂದಿವೆ. ದಿನಕ್ಕೆ ಹತ್ತು ವಿಡಿಯೊ. ಅವುಗಳ ಜೊತೆ ಓಡಲಿಕ್ಕೆ ನನ್ನಿಂದ ಆಗುವುದಿಲ್ಲ. ಕಾಯಿ ಅಲ್ಲಾಡಿಸಿ ತೋರಿಸಲಿಕ್ಕೆ ಅವುಗಳಿಂದ ಆಗುವುದಿಲ್ಲ. ಶಾರ್ಟ್ಸ್ ಬಗ್ಗೆ ಕೇಳಿದ್ದೀರಿ, ಮಾಡಿ ಬೇಕಾದರೆ, ದುಡ್ಡಿನ ಆಸೆ ಬೇಡ. ಅಲ್ಲಿ ನಮ್ಮ ಪಾಲು ನೂರಕ್ಕೆ 45, ಉದ್ದ ವಿಡಿಯೊದ ಜಾಹೀರಾತಿನಲ್ಲಿ 55. ಆದರೆ ನನಗೆ ಒಂದು ಲಕ್ಷ ಶಾರ್ಟ್ಸ್ ವ್ಯೂಸ್‌ಗೆ ಒಂದು ಊಟದ ದುಡ್ಡು ಬಂದಿತ್ತು, ಅದೂ ಖಾನಾವಳಿಯದು.

ನಾನು ಈಗ ಬೇರೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ವಾರಕ್ಕೆ ಎರಡು ವಿಡಿಯೊ, ಎರಡು ಮೂರು ಸಾವಿರ ವ್ಯೂಸ್. ಥಂಬ್‌ನೇಲ್‌ನಲ್ಲಿ ಮೊದಲು ತಾರೀಖು, ಆಮೇಲೆ ಕಡ್ಡಿಯೋ ಡಬ್ಬಿಯೋ, ಆಮೇಲೆ ಹೆಚ್ಚು ಚೀಲ ಯಾವ ರೇಟಿಗೆ ಹೋದವೋ ಆ ರೇಟು. ದೊಡ್ಡ ರೇಟು ಬಿದ್ದರೆ ಅದನ್ನು ಒಳಗೆ ಹೇಳುತ್ತೇನೆ, ‘ಒಂದೇ ಲಾಟ್’ ಅನ್ನುವುದನ್ನು ಮೊದಲ ಇಪ್ಪತ್ತು ಸೆಕೆಂಡಿನಲ್ಲೇ. ನೋಡಲಿಕ್ಕೆ ಬಸ್ ನಿಲ್ದಾಣದ ವೇಳಾಪಟ್ಟಿ ಇದ್ದಂಗೆ ಇರುತ್ತದೆ. ನನ್ನ ಗೆಳೆಯನೊಬ್ಬ ಹುಬ್ಬಳ್ಳಿಯಲ್ಲಿ ಎಡಿಟಿಂಗ್ ಮಾಡುತ್ತಾನೆ, ಇದನ್ನು ನೋಡಿದಾಗಲೆಲ್ಲ ಹಣೆ ಬಡಿದುಕೊಳ್ಳುತ್ತಾನೆ.

ಹಾಂ, ಮೈಕ್ ಯಾವುದು ಅಂತ ಕೇಳಿದ್ದು ಮರೆತೇಬಿಟ್ಟಿದ್ದೆ. ವೈರ್ ಇರುವ ಸಾದಾ ಕಾಲರ್ ಮೈಕ್ ಸಾಕು, ಸ್ಪಂಜಿನ ಟೊಪ್ಪಿಗೆ ಎರಡು ಜಾಸ್ತಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಶೂಟ್ ಮಾಡುವಾಗ ಫ್ಯಾನ್ ಬಂದ್ ಮಾಡಿ.