ರೊಟ್ಟಿ ಬಿಡಸಬ್ಯಾಡ್ರಿ, ಸಂಜಿ ತಿಂಡಿ ನೋಡ್ರಿ

ಅಕ್ಕಾರ, ಒಂಬತ್ತು ವರ್ಷದ ಮಗನ ತೂಕ ಏರಾಕತ್ತೈತಿ, ರಾತ್ರಿ ರೊಟ್ಟಿ ಬಿಡಿಸಿ ಬರೀ ಓಟ್ಸ್ ಕೊಡಲೇನು ಅಂತ ಕೇಳೀರಿ. ಬ್ಯಾಡ್ರಿ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಹಸಿ ಸೌತಿಕಾಯಿ, ಮೊಸರು ಅಂದ್ರ ಬೆಳೆಯೋ ಹುಡುಗಗ ಚಲೋ ಊಟ. ತೂಕ ಅಲ್ಲೇ ನಿಂತು ಎತ್ತರ ಬೆಳದ್ರ ಎಷ್ಟೋ ಮಕ್ಕಳಿಗೆ ಅಷ್ಟ ಸಾಕು.

ನಿಮ್ಮ ಮಾತಿನಾಗ ನನಗ ಕಂಡಿದ್ದು ಸಂಜಿ ಹೊತ್ತು. ಸಾಲಿಯಿಂದ ಬಂದ ಕೂಡ್ಲೆ ಚಾ ಜೋಡಿ ಬಿಸ್ಕೀಟು, ಆಮ್ಯಾಲೆ ಮಿರ್ಚಿ ಭಜಿ, ಅದರ ಮ್ಯಾಲೆ ಕೋಲಾ, ಕೈಯಾಗ ಮೊಬೈಲು. 300 ಮಿ.ಲೀ. ಕೋಲಾದಾಗ ಸುಮಾರು 30 ಗ್ರಾಂ ಸಕ್ಕರಿ ಇರತೈತಿ, ಅಂದ್ರ ಆರೇಳು ಸಣ್ಣ ಚಮಚ! ಹುಡುಗಗ ಬೈಯೋದಕ್ಕಿಂತ ಅದನ್ನ ಮನಿಗೆ ತರೋದ ನಿಲ್ಲಸ್ರಿ. ಮಜ್ಜಿಗಿ, ಪೇರಲ ಹಣ್ಣು, ಒಂದ ಹಿಡಿ ಹುರಿದ ಶೇಂಗಾ ಇಡ್ರಿ. ಗಿರಮಿಟ್ ಬೇಕಂದ್ರ ಎಣ್ಣಿ ಕಡಿಮಿ, ಉಳ್ಳಾಗಡ್ಡಿ ಟೊಮ್ಯಾಟೊ ಜಾಸ್ತಿ ಹಾಕಿ ಮನ್ಯಾಗ ಕಲಸ್ರಿ.

ಅತ್ತಿಯವರು ದಿನಾ ಪೇಡೆ ಕೊಡ್ತಾರ ಅಂದ್ರಿ. ಜಗಳ ಬ್ಯಾಡ. ಐತವಾರ ಒಂದ ಪೇಡೆ ಅಂತ ಮಾತಾಡಿ, ಅದನ್ನ ಅವರ ಕೈಯಿಂದನ ಕೊಡಸ್ರಿ.

ಈ ವಯಸ್ಸಿಗೆ ದಿನಕ್ಕ 60 ನಿಮಿಷ ಮೈ ಬೆವರೋ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತೈತಿ. ಹುಬ್ಬಳ್ಳ್ಯಾಗ ಇದ್ದೀರಿ, ನೃಪತುಂಗ ಬೆಟ್ಟಕ್ಕ ನೀವೂ ಅವನ ಜೋಡಿ ಹೋಗ್ರಿ. ರಾತ್ರಿ ಒಂಬತ್ತು ತಾಸಾದ್ರೂ ನಿದ್ದಿ ಇರಲಿ.

ಒಂದ ಮಾತು ಕೈ ಮುಗಿದು ಹೇಳ್ತೀನಿ, ಮನ್ಯಾಗ ಯಾರೂ ಅವನಿಗೆ ‘ಡುಮ್ಮ’ ಅನ್ನಬಾರದು. ಕುತ್ತಿಗಿ ಹಿಂದ ಚರ್ಮ ಕಪ್ಪಗ ದಪ್ಪಗ ಆಗಿದ್ರ, ಇಲ್ಲಾ ರಾತ್ರಿ ಗೊರಕಿ ಹೊಡೀತಿದ್ರ, ತಡಾ ಮಾಡದ ಮಕ್ಕಳ ಡಾಕ್ಟರಿಗೆ ತೋರಸ್ರಿ.